ನಿಧಾನಪ್ಪನವರ ಕೈಗುಣ

ನಿಧಾನಪ್ಪನವರ ನಿಜವಾದ ಹೆಸರು ಕಂಪನಿಯ ಸಂಬಳದ ಪಟ್ಟಿಯಲ್ಲಿ ಒಂದು ಸಲ, ಅವರ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಲ ಅಚ್ಚಾಗಿತ್ತು. ಎರಡನ್ನೂ ಈಗ ಯಾರೂ ಓದುವುದಿಲ್ಲವಾದ್ದರಿಂದ ಆ ಹೆಸರಿನ ಗೊಡವೆ ನಮಗೂ ಬೇಡ. ನಿಧಾನವೇ ಪ್ರಧಾನ ಎಂಬ ಮಾತಿಗೆ ತಲೆಯಾಡಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ನಂಬಿ ಬಾಳಿದವರು ಇವರೊಬ್ಬರೇ. ಕುರ್ಚಿಯ ನಾಲ್ಕು ಕಾಲುಗಳನ್ನೂ ನೋಡದೆ ಅವರು ಕೂರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಚೆನ್ನಾಗಿದ್ದೀರಾ ಎಂದು ಕೇಳಿದರೆ, ಯೋಚಿಸಿ ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ಕೇಳಿದವರು ಮುಂದಿನ ಬೀದಿಯಲ್ಲಿ ಇರುತ್ತಿದ್ದರು.

ಅವರು ಕೆಲಸ ಮಾಡುತ್ತಿದ್ದ ಕಂಪನಿ ಪುಟ್ಟ ಪ್ರಿಂಟರುಗಳನ್ನು ತಯಾರಿಸುತ್ತಿತ್ತು. ಅಂಗಡಿಯಲ್ಲಿ ಬಿಲ್ಲನ್ನು, ಕಚೇರಿಯಲ್ಲಿ ಸರದಿಯ ಟೋಕನ್ನನ್ನು ಸುರುಳಿ ಕಾಗದದ ಮೇಲೆ ಗರಗರನೆ ಅಚ್ಚು ಹಾಕಿ ಹೊರಗೆ ತಳ್ಳುತ್ತವಲ್ಲ, ಅಂಥವು. ಇಂಥ ಯಂತ್ರಕ್ಕೆ ಮೈ ಒಂದಿದ್ದರೆ ಸಾಲದು. ಒಳಗಿನ ಚಿಪ್‌ನಲ್ಲಿ ಫರ್ಮ್‌ವೇರ್ ಎಂಬ ಬುದ್ಧಿ ಇರಬೇಕು. ಕಂಪ್ಯೂಟರಿನ ಕಡೆ ಡ್ರೈವರ್ ಎಂಬ ಪ್ರೋಗ್ರಾಂ ಇರಬೇಕು. ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಯುವಂತೆ ಹೇಳುವುದು, ಪ್ರಿಂಟರ್ ಗೊಣಗಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಈ ಡ್ರೈವರಿನ ಕೆಲಸ. ಮದುವೆಯ ಮಾತುಕತೆಯಲ್ಲಿ ನಡುವೆ ಓಡಾಡುವವರು ಮಾಡುವುದೂ ಇದನ್ನೇ. ಸಂಬಂಧ ಕೆಟ್ಟರೆ ಮೊದಲ ಬೈಗುಳ ಅವರಿಗೆ ಬೀಳುವ ಹಾಗೆ ಇಲ್ಲಿಯೂ ಡ್ರೈವರಿಗೆ ಬೀಳುತ್ತಿತ್ತು.

ಮೂರನೆಯ ಮಹಡಿಯಲ್ಲಿ ಫರ್ಮ್‌ವೇರ್ ಬರೆಯುವ ಮೇಡಂ ಇದ್ದರು. ಎರಡನೆಯ ಮಹಡಿಯಲ್ಲಿ ಡ್ರೈವರ್ ಬರೆಯುವ ಮೇಷ್ಟ್ರು ಇದ್ದರು. ಅವರು ಎಲ್ಲೂ ಪಾಠ ಹೇಳಿದವರಲ್ಲ. ನೀರು ಬೇಕು ಎಂದು ಕೇಳಿದರೂ ಮೊದಲು ಪೀಠಿಕೆ ಹಾಕುತ್ತಿದ್ದರಿಂದ ಆ ಹೆಸರು ಬಂದಿತ್ತು. ಎಲ್ಲೋ ಒಂದು ಪ್ರಿಂಟರ್ ಕೆಟ್ಟಿತೆಂದು ಫೋನು ಬಂದರೆ ಮೇಡಂ ತಪ್ಪು ಡ್ರೈವರಿನದು ಎನ್ನುತ್ತಿದ್ದರು, ಮೇಷ್ಟ್ರು ತಪ್ಪು ಫರ್ಮ್‌ವೇರಿನದು ಎನ್ನುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹುಟ್ಟಿದ್ದು ಆ ಕಟ್ಟಡದ ಮೆಟ್ಟಿಲ ಮೇಲೆಯೇ ಇರಬೇಕು. ಕೊನೆಗೆ ಇಬ್ಬರೂ ಸೇರಿ ತಪ್ಪು ಗಿರಾಕಿಯದು ಎಂದು ತೀರ್ಮಾನಿಸಿ ಊಟಕ್ಕೆ ಹೋಗುತ್ತಿದ್ದರು.

ಕೆಳಗಿನ ಮಹಡಿಯ ಪರೀಕ್ಷೆಯ ಕೋಣೆಯಲ್ಲಿ ನಿಧಾನಪ್ಪನವರು. ತಯಾರಾದ ಪ್ರತಿಯೊಂದು ಪ್ರಿಂಟರೂ ಅವರ ಕೈ ದಾಟಿಯೇ ಹೊರಗೆ ಹೋಗಬೇಕು. ಅವರು ಪ್ಲಗ್ಗನ್ನು ಚುಚ್ಚಿ ಸ್ವಿಚ್ ಹಾಕುತ್ತಿದ್ದರು. ಕರವಸ್ತ್ರ ತೆಗೆದು ಕನ್ನಡಕ ಒರೆಸುತ್ತಿದ್ದರು. ಯಂತ್ರವನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನೋಡುತ್ತಿದ್ದರು. ಅದರ ಮುಚ್ಚಳದ ಮೇಲೆ ಬಲಗೈ ಇಟ್ಟು, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದರು. ಗರಗರನೆ ಕಾಗದ ಬರುತ್ತಿತ್ತು. ದಿನವೂ ಅದೇ ಸಾಲುಗಳಿದ್ದರೂ ಆ ಕಾಗದವನ್ನು ಪೂರ್ತಿ ಓದಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ, ಮೊಹರು ಒತ್ತುತ್ತಿದ್ದರು. ಅವರ ಮೇಜಿನ ಮುಂದೆ ಸೋತ ಪ್ರಿಂಟರ್ ಬಹಳ ಅಪರೂಪ.

ಹೀಗಿರುವಾಗ ಕಂಪನಿಯ ಯಜಮಾನರು ಅವರನ್ನು ಕರೆಸಿದರು. ಯಜಮಾನರಿಗೆ ಕಂಪನಿ ತಂದೆಯಿಂದ ಬಂದಿತ್ತು, ಆತುರ ಹುಟ್ಟಿನಿಂದ ಬಂದಿತ್ತು. ಪರೀಕ್ಷೆಯನ್ನೆಲ್ಲ ತಾನೇ ಮಾಡುವ ಹೊಸ ಯಂತ್ರವೊಂದನ್ನು ತರಿಸುತ್ತಿದ್ದೇವೆ, ಅದು ಬಂದ ಮೇಲೆ ನಿಮಗೆ ಇಲ್ಲಿ ಕೆಲಸವಿರುವುದಿಲ್ಲ, ತಿಂಗಳ ಕೊನೆಯವರೆಗೆ ಬನ್ನಿ ಎಂದರು. ನಿಧಾನಪ್ಪನವರು ಇದನ್ನು ಅರ್ಥ ಮಾಡಿಕೊಂಡು ದುಃಖಪಡುವ ಹೊತ್ತಿಗೆ ಯಜಮಾನರು ಕಾರು ಹತ್ತಿ ಹೋಗಿಯಾಗಿತ್ತು. ತಲೆ ನರೆತ ಮೇಲೆ ಇನ್ನೆಲ್ಲಿ ಕೆಲಸ ಸಿಗುತ್ತದೆ? ಅವರಿಗೆ ನಿಜವಾಗಿಯೂ ಭಯವಾಯಿತು. ಹೆಂಡತಿಗೆ ಹೇಳಬೇಕೆಂದುಕೊಂಡರು. ಹೇಳಲು ಒಳ್ಳೆಯ ಗಳಿಗೆ ಹುಡುಕತೊಡಗಿದರು, ಅದು ಸಿಗಲಿಲ್ಲ.

ಅದೇ ವಾರ ಒಂದು ಔಷಧಿ ಅಂಗಡಿಯಿಂದ ದೂರು ಬಂತು. ಹೊಸ ಪ್ರಿಂಟರ್ ಬೆಳಿಗ್ಗೆ ಸ್ವಿಚ್ ಹಾಕಿದರೆ ಕೆಂಪು ದೀಪ ಹೊತ್ತಿಸಿಕೊಂಡು ಮುನಿಸಿಕೊಂಡು ಕೂರುತ್ತದೆ. ಕಂಪ್ಯೂಟರನ್ನು ಕೇಳಿದರೆ ಪ್ರಿಂಟರೇ ಇಲ್ಲ ಅನ್ನುತ್ತದೆ. ಕಂಪನಿಯಿಂದ ಹೋದ ಇಬ್ಬರು ಚುರುಕಾದ ಎಂಜಿನಿಯರುಗಳು ಚುರುಕಾಗಿ ಸ್ವಿಚ್ ಹಾಕಿ, ಚುರುಕಾಗಿ ಗುಂಡಿ ಒತ್ತಿ, ಚುರುಕಾಗಿ ಸೋತು ಬಂದರು. ಮೇಡಂ ಮತ್ತು ಮೇಷ್ಟ್ರು ಮೆಟ್ಟಿಲ ಮೇಲೆ ಜಗಳದಲ್ಲಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಯಜಮಾನರು ನಿಧಾನಪ್ಪನವರನ್ನೇ ಕಳಿಸಿದರು.

ಔಷಧಿ ಅಂಗಡಿಯ ಮುಂದೆ ರೋಗಿಗಳ ಸಾಲು ಬೀದಿಯವರೆಗೆ ನಿಂತಿತ್ತು. ಅಂಗಡಿಯವರು ಕೈಯಲ್ಲಿ ಬಿಲ್ಲು ಬರೆದು ಬರೆದು ತಾವೇ ರೋಗಿಯಂತಾಗಿದ್ದರು. ನಿಧಾನಪ್ಪನವರು ಸ್ಟೂಲಿನ ಕಾಲುಗಳನ್ನು ನೋಡಿ ಕೂತರು. ಸ್ವಿಚ್ ಹಾಕಿದರು. ಕನ್ನಡಕ ಒರೆಸಿದರು. ಯಂತ್ರವನ್ನು ಎರಡೂ ಕಡೆಯಿಂದ ನೋಡಿದರು. ಮುಚ್ಚಳದ ಮೇಲೆ ಕೈ ಇಟ್ಟು ಗುಂಡಿ ಒತ್ತಿದರು. ಗರಗರನೆ ಬಿಲ್ಲು ಬಂತು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೆಮ್ಮುವುದನ್ನು ಮರೆತು ನೋಡಿದಳು.

“ಇದಕ್ಕೇ ಸ್ವಾಮಿ ಕೈಗುಣ ಅನ್ನೋದು,” ಎಂದರು ಅಂಗಡಿಯವರು. “ನಾನು ಮೂವತ್ತು ವರ್ಷದಿಂದ ಡಾಕ್ಟರುಗಳನ್ನ ನೋಡ್ತಿದೀನಿ. ಓದು ಎಲ್ಲರಿಗೂ ಇರತ್ತೆ. ಕೈಗುಣ ಒಬ್ಬರಿಗೋ ಇಬ್ಬರಿಗೋ.”

ಅಲ್ಲ ಎಂದು ಹೇಳಲು ನಿಧಾನಪ್ಪನವರಿಗೆ ಅವಕಾಶವಿತ್ತು. ಆದರೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅಜ್ಜಿ ಅವರ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡುಬಿಟ್ಟಳು. ಇಷ್ಟೆಲ್ಲ ಆದ ಮೇಲೆ ಅಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಅವರಿಗೆ ತೋರಿತು.

ಮುಂದಿನ ದಿನಗಳಲ್ಲಿ ದೂರುಗಳು ಒಂದರ ಹಿಂದೆ ಒಂದು ಬಂದವು. ಬಟ್ಟೆ ಅಂಗಡಿ, ದಂತವೈದ್ಯರ ಆಸ್ಪತ್ರೆ, ವಾಹನ ನಿಲ್ಲಿಸುವ ಜಾಗ. ಎಲ್ಲ ಕಡೆಯೂ ಅದೇ ಕೆಂಪು ದೀಪ, ಎಲ್ಲ ಕಡೆಯೂ ನಿಧಾನಪ್ಪನವರು ಹೋಗಿ ಕೈ ಇಟ್ಟರೆ ಗುಣ. ಗುಣವಾದ ಯಂತ್ರವನ್ನು ಮತ್ತೆ ಆರಿಸುವ ಧೈರ್ಯ ಯಾರಿಗೂ ಬರಲಿಲ್ಲ. ದಂತವೈದ್ಯರಂತೂ ತಮ್ಮ ಕುರ್ಚಿಗೂ ಒಮ್ಮೆ ಕೈ ಇಡಿಸಿಕೊಂಡರು. ಯಜಮಾನರು ತಿಂಗಳ ಕೊನೆಯ ಮಾತನ್ನು ಮತ್ತೆ ಎತ್ತಲಿಲ್ಲ. ವಾಪಸು ತೆಗೆದುಕೊಂಡೆ ಎಂದೂ ಹೇಳಲಿಲ್ಲ. ಹೊಸ ಯಂತ್ರ ಪೆಟ್ಟಿಗೆಯಲ್ಲೇ ಮೂಲೆಯಲ್ಲಿತ್ತು. ತಮ್ಮ ಅನ್ನ ಈಗ ಬಲಗೈಯಲ್ಲಿದೆ ಎಂದು ನಿಧಾನಪ್ಪನವರಿಗೆ ಖಚಿತವಾಯಿತು, ಅದನ್ನು ಕಾಪಾಡಲು ಹೊರಟರು.

ಮೊದಲು ಅದಕ್ಕೊಂದು ಉಣ್ಣೆಯ ಕೈಗವಸು ಬಂತು. ಬಿಸಿಲಿನಲ್ಲಿಯೂ ಅದನ್ನು ತೊಟ್ಟು ಬಸ್ಸು ಹತ್ತುತ್ತಿದ್ದರು, ಎಡಗೈಯಲ್ಲಿ ಕಂಬ ಹಿಡಿದು ಜೋಲಾಡುತ್ತಿದ್ದರು. ತರಕಾರಿಯ ಚೀಲ ಹೊರುವುದು ನಿಂತಿತು. ಬಾಗಿಲು ತೆಗೆಯುವುದು, ಬಕೆಟ್ ಎತ್ತುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು ಎಲ್ಲ ನಿಂತವು. ಅವರ ಹೆಂಡತಿ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ, ಉಳಿದ ಮೈಯನ್ನು ಯಾವಾಗ ಕಪಾಟಿನಲ್ಲಿ ಇಡುತ್ತೀರಿ ಎಂದು ವಿಚಾರಿಸಿದರು. ಹೆಂಗಸರಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ ಎಂದು ನಿಧಾನಪ್ಪನವರು ಮನಸ್ಸಿನಲ್ಲೇ ಅಂದುಕೊಂಡರು. ಜೋರಾಗಿ ಅನ್ನುವಷ್ಟು ಮಬ್ಬು ಅವರಿಗೆ ಕವಿದಿರಲಿಲ್ಲ.

ಹೆಂಡತಿ ನಂಬದಿದ್ದರೇನು, ಬೀದಿ ನಂಬಿತು. ಎದುರು ಮನೆಯಾಕೆ ಸುಟ್ಟ ವಾಸನೆ ಬರುತ್ತಿದ್ದ ಮಿಕ್ಸಿಯನ್ನು ತಂದಿಟ್ಟರು. ನಿಧಾನಪ್ಪನವರು ಕೈಗವಸು ಬಿಚ್ಚಿ, ಕನ್ನಡಕ ಒರೆಸಿ, ಕೈ ಇಡುವ ಹೊತ್ತಿಗೆ ಮಿಕ್ಸಿ ತಣ್ಣಗಾಗಿ ತಿರುಗಿತು. ಮಹಡಿಯ ಮನೆಯ ನಿವೃತ್ತ ಹೆಡ್‌ಮಾಸ್ಟರು ನಿಂತುಹೋದ ಫ್ಯಾನು ತೋರಿಸಲು ಕರೆದೊಯ್ದರು. ಇವರು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಕರೆಂಟು ಬಂತು. ಅದೇ ಹೆಡ್‌ಮಾಸ್ಟರಿಗೆ ಒಂದು ಸಂಜೆ ಬಿಕ್ಕಳಿಕೆ ಹಿಡಿಯಿತು. ನಿಧಾನಪ್ಪನವರು ಅವರನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ನೋಡಿ ನೆತ್ತಿಯ ಮೇಲೆ ಕೈ ಇಡುವ ಮೊದಲೇ ಬಿಕ್ಕಳಿಕೆ ಬೇಸತ್ತು ಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹೇಳಬಲ್ಲವರು ಬೀದಿಯಲ್ಲಿ ಹೆಡ್‌ಮಾಸ್ಟರೊಬ್ಬರೇ. ಗುಣವಾದದ್ದು ಅವರಿಗೇ ಆದ್ದರಿಂದ ಅವರು ಹೇಳಲಿಲ್ಲ.

ಈ ಹಂತದಲ್ಲಿ ಭಾವಮೈದುನನ ಪ್ರವೇಶವಾಯಿತು. ಹೆಂಡತಿಯ ತಮ್ಮನಾದ ಈತ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಎಲ್ಲ ಕೆಲಸಗಳನ್ನೂ ಮಾಡಿಸುತ್ತಿದ್ದ. ಇಷ್ಟು ವರ್ಷ ಭಾವನನ್ನು ಕಂಡರೆ ಆಕಳಿಸುತ್ತಿದ್ದವನು ಈಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಿಮ್ಮ ಬಗ್ಗೆ ಊರೆಲ್ಲ ಮಾತು ಎಂದ. ಹೊರಡುವಾಗ ಸ್ವಯಂಘೋಷಿತ ಕಾರ್ಯದರ್ಶಿಯಾಗಿದ್ದ. ಮರುದಿನದಿಂದ ಯಾರೂ ನೇರವಾಗಿ ಕೈ ಇಡಿಸಿಕೊಳ್ಳುವಂತಿರಲಿಲ್ಲ. ಅವನನ್ನು ಕಂಡೇ ಬರಬೇಕಾಗಿತ್ತು.

ಆ ಸಮಯಕ್ಕೆ ಸರಿಯಾಗಿ ಕಂಪನಿಗೆ ದೊಡ್ಡದೊಂದು ಅವಕಾಶ ಬಂತು. ಊರಿನ ನೋಂದಣಿ ಕಚೇರಿಗಳಿಗೆಲ್ಲ ಟೋಕನ್ ಕೊಡುವ ಪ್ರಿಂಟರುಗಳು ಬೇಕಾಗಿದ್ದವು. ಮೇಲಧಿಕಾರಿಗಳೇ ಕೂತು ನೋಡುತ್ತಾರೆ, ಒಪ್ಪಿದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕಾದೀತು ಎಂದು ಯಜಮಾನರು ಎಲ್ಲರನ್ನೂ ಸೇರಿಸಿ ಹೇಳಿದರು. ಆಮೇಲೆ ನಿಧಾನಪ್ಪನವರೊಬ್ಬರನ್ನೇ ಪಕ್ಕಕ್ಕೆ ಕರೆದು, ಅವತ್ತು ಕೈ ಇಡುವುದು ನೀವೇ, ಅದು ಸರಿಹೋದರೆ ನಿಮ್ಮ ಕೆಲಸದ ವಿಷಯ ಮತ್ತೆ ಯೋಚಿಸೋಣ ಎಂದರು. ನಿಧಾನಪ್ಪನವರು ಇದನ್ನೂ ಹೆಂಡತಿಗೆ ಹೇಳಲಿಲ್ಲ. ಭಾವಮೈದುನನಿಗೆ ಹೇಳಿದರು, ಅದೇ ಎಡವಟ್ಟಾಯಿತು.

“ಭಾವ, ದೊಡ್ಡ ಡಾಕ್ಟರು ನಾಡಿ ಹಿಡಿಯೋದು ನೋಡಿದೀರಾ?” ಎಂದ ಭಾವಮೈದುನ. “ಮುಟ್ಟಿದ್ರು, ಬಿಟ್ರು, ಮುಗೀತು. ನೀವು ಹಿಂಗೆ ಕನ್ನಡಕ ಒರೆಸ್ತಾ ಕೂತ್ರೆ ಅಧಿಕಾರಿಗಳು ಹೊಸಬ ಅಂದ್ಕೋತಾರೆ. ದೊಡ್ಡವರ ಕೈ ಮಿಂಚಿನ ಹಾಗೆ ಇರಬೇಕು.”

ಮಿಂಚಿನ ಅಭ್ಯಾಸ ಅಡುಗೆಮನೆಯ ಡಬ್ಬಿಗಳ ಮೇಲೆ ನಡೆಯಿತು. ಕೈ ಇಡು, ಒತ್ತು. ಕೈ ಇಡು, ಒತ್ತು. ಭಾವಮೈದುನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತ ವೇಗ ಏರಿಸಿದ. ಹುಟ್ಟಿದಾಗಿನಿಂದ ಯಾವುದಕ್ಕೂ ಅವಸರ ಮಾಡದ ನಿಧಾನಪ್ಪನವರು ಆ ವಾರ ಅವಸರ ಕಲಿತರು. ಕೊನೆಯ ದಿನ ಭಾವಮೈದುನ ಅವರ ಜೇಬಿನಿಂದ ಕರವಸ್ತ್ರವನ್ನೂ ತೆಗೆದುಕೊಂಡ. ಇದ್ದರೆ ತಾನೆ ಒರೆಸುವ ಆಸೆ ಹುಟ್ಟುವುದು.

ನೋಂದಣಿ ಕಚೇರಿಯ ದೊಡ್ಡ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಮೇಲಧಿಕಾರಿಗಳು, ಅವರ ಪಕ್ಕ ಯಜಮಾನರು, ಗೋಡೆಗೆ ಒರಗಿ ಮೇಡಂ ಮತ್ತು ಮೇಷ್ಟ್ರು, ಕೊನೆಯ ಸಾಲಿನಲ್ಲಿ ಕಾರ್ಯದರ್ಶಿಯ ಗತ್ತಿನಲ್ಲಿ ಭಾವಮೈದುನ. ನಿಧಾನಪ್ಪನವರು ಕೈಗವಸು ಬಿಚ್ಚಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಅವರು ಕುರ್ಚಿಯ ಕಾಲುಗಳನ್ನೂ ನೋಡಲಿಲ್ಲ. ಸ್ವಿಚ್ ಹಾಕಿದವರೇ ಕೈ ಇಟ್ಟರು, ಒತ್ತಿದರು.

ಕೆಂಪು ದೀಪ ಹೊತ್ತಿತು.

ಅವರು ಸ್ವಿಚ್ ಆರಿಸಿ, ಹಾಕಿ, ಇನ್ನೂ ಬೇಗ ಕೈ ಇಟ್ಟು ಒತ್ತಿದರು. ಕೆಂಪು. ಮತ್ತೆ ಒತ್ತಿದರು, ಮತ್ತೆ ಕೆಂಪು. ಮೇಲಧಿಕಾರಿಗಳು ಚಾವಣಿಯ ಫ್ಯಾನನ್ನು ನೋಡಲಾರಂಭಿಸಿದರು. ಯಜಮಾನರ ಮುಖ ಪ್ರಿಂಟರಿನ ದೀಪದ ಬಣ್ಣಕ್ಕೆ ತಿರುಗಿತು. ಮೇಷ್ಟ್ರು ಮೆಲ್ಲಗೆ ಫರ್ಮ್‌ವೇರ್ ಎಂದರು, ಮೇಡಂ ಅಷ್ಟೇ ಮೆಲ್ಲಗೆ ಡ್ರೈವರ್ ಎಂದರು. ಆರನೆಯ ಸಲವೂ ಕೆಂಪಾದಾಗ ಕಾರ್ಯದರ್ಶಿಯ ಕುರ್ಚಿ ಖಾಲಿಯಾಗಿತ್ತು. ಅವನು ಬಾಗಿಲಲ್ಲಿ ನಿಂತು, ಇವರು ಯಾರೋ ಎಂಬಂತೆ ನೋಡುತ್ತಿದ್ದ.

ನಿಧಾನಪ್ಪನವರು ಇನ್ನೊಮ್ಮೆ ಸ್ವಿಚ್ ಹಾಕಿದರು. ಆದರೆ ಕೈ ಏಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಕೆಲಸ ಹೋಯಿತು. ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳುವುದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು. ಕಣ್ಣು ತುಂಬಿ ಕನ್ನಡಕ ಮಂಜಾಯಿತು. ಜೇಬಿನಲ್ಲಿ ಕರವಸ್ತ್ರ ಸಿಗದೆ ಅಂಗಿಯ ತುದಿಯಿಂದ ಒರೆಸಿಕೊಂಡರು. ಪ್ರಿಂಟರನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ಕಣ್ತುಂಬ ನೋಡಿದರು. ಇನ್ನು ನಿನಗೂ ನನಗೂ ಋಣ ತೀರಿತು ಎಂಬಂತೆ ಮುಚ್ಚಳದ ಮೇಲೆ ಕೈ ಇಟ್ಟು, ಅಭ್ಯಾಸಬಲದಿಂದ ಗುಂಡಿ ಒತ್ತಿದರು.

ಗರಗರನೆ ಟೋಕನ್ ಬಂತು.

ಮೇಲಧಿಕಾರಿಗಳು ಎದ್ದು ಬಂದು ಟೋಕನ್ನನ್ನು ಹರಿದುಕೊಂಡು ನೋಡಿದರು. ಈ ಮನುಷ್ಯರ ಕೈಯಲ್ಲಿ ಏನೋ ಇದೆ ಎಂದು ಒಪ್ಪಿಕೊಂಡರು. ಆದರೆ ಅವರು ಅಧಿಕಾರಿಗಳು. ಒಪ್ಪಿಕೊಂಡದ್ದಕ್ಕೆಲ್ಲ ಒಂದು ಷರತ್ತು ಇರುತ್ತದೆ.

“ಇವರು ಎಲ್ಲಾ ಕಚೇರಿಗೂ ದಿನಾ ಬೆಳಿಗ್ಗೆ ಬರೋಕಾಗಲ್ವಲ್ಲ,” ಎಂದರು ಯಜಮಾನರಿಗೆ. “ಇವರಿಲ್ದೆ ನಡೆಯೋ ಹಾಗೆ ಮಾಡ್ಕೊಂಡು ಬನ್ನಿ. ಸೋಮವಾರ ಮತ್ತೆ ನೋಡ್ತೀನಿ. ಜನ ಬೈಯೋಷ್ಟು ತಡ ಮಾತ್ರ ಆಗಬಾರದು.”

ವಾಪಸು ಬಂದು ಕಂಪನಿಯ ಗೇಟಿನಲ್ಲಿ ವ್ಯಾನಿನಿಂದ ಇಳಿಯುವಾಗ ಮೇಡಂ ಯಜಮಾನರನ್ನು ತಡೆದರು.

“ಸಾರ್, ಕೈ ಅಲ್ಲ. ನಿಧಾನ.”

ಆಮೇಲೆ ಮೂರನೆಯ ಮಹಡಿಯಲ್ಲಿ ಅವರು ಬಿಡಿಸಿ ಹೇಳಿದ್ದು ಇಷ್ಟು. ಸ್ವಿಚ್ ಹಾಕಿದೊಡನೆ ಪ್ರಿಂಟರ್ ಎಚ್ಚರಾಗುವುದಿಲ್ಲ. ಕಣ್ಣುಜ್ಜಿ, ಮೈ ಬೆಚ್ಚಗೆ ಮಾಡಿಕೊಂಡು ಏಳಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅದು ಏಳುವ ಮೊದಲೇ ಡ್ರೈವರ್ ಕೂಗಿ ಕರೆದರೆ ಗಾಬರಿಯಾಗಿ ಕೆಂಪು ದೀಪ ಹಾಕಿಕೊಂಡುಬಿಡುತ್ತದೆ. ಮೇಡಂ ಮತ್ತು ಮೇಷ್ಟ್ರ ಮೇಜಿನ ಮೇಲಿನ ಪ್ರಿಂಟರುಗಳನ್ನು ಯಾರೂ ಎಂದೂ ಆರಿಸುತ್ತಿರಲಿಲ್ಲವಾದ್ದರಿಂದ ಅವರಿಗೆ ಇದು ತಿಳಿಯಲಿಲ್ಲ. ಕಂಪನಿಯೊಳಗೆ ಹೊಸದಾಗಿ ಸ್ವಿಚ್ ಹಾಕುತ್ತಿದ್ದವರು ನಿಧಾನಪ್ಪನವರೊಬ್ಬರೇ. ಅವರು ಕನ್ನಡಕ ಒರೆಸಿ ಮುಗಿಸುವ ಹೊತ್ತಿಗೆ ಎಂಥ ಸೋಮಾರಿ ಪ್ರಿಂಟರೂ ಎದ್ದು ಕೂತಿರುತ್ತಿತ್ತು.

ಅಂದರೆ ಈ ದೋಷ ಇಷ್ಟು ದಿನ ಕಣ್ಣಿಗೆ ಬೀಳದಿದ್ದದ್ದು ಅವರಿಂದ ಎಂದರು ಯಜಮಾನರು. ಹೌದು, ಈಗ ಬಿದ್ದದ್ದೂ ಅವರಿಂದಲೇ ಎಂದರು ಮೇಡಂ. ಯಜಮಾನರಿಗೆ ಸಿಟ್ಟು ಬರಬೇಕೋ ಸಂತೋಷವಾಗಬೇಕೋ ತಿಳಿಯಲಿಲ್ಲ, ಒಂದು ಲೋಟ ನೀರು ಕುಡಿದರು.

ಫರ್ಮ್‌ವೇರನ್ನು ಬದಲಿಸುವಂತಿರಲಿಲ್ಲ; ಅದು ಮಾರಿಹೋದ ಯಂತ್ರಗಳ ಚಿಪ್‌ನೊಳಗೆ ಕೂತಾಗಿತ್ತು. ಡ್ರೈವರಿಗೆ ತಾಳ್ಮೆ ಕಲಿಸಬೇಕು, ಕರೆಯುವ ಮೊದಲು ಇಂತಿಷ್ಟು ಹೊತ್ತು ಕಾಯಿ ಎಂದು ಬರೆಯಬೇಕು. ಎಷ್ಟು ಹೊತ್ತು ಎಂಬುದೇ ಈಗ ಪ್ರಶ್ನೆ. ಬೇರೆ ಬೇರೆ ಕಡೆಯಿಂದ ತರಿಸಿದ ಬಿಡಿಭಾಗಗಳು. ಒಂದು ಪ್ರಿಂಟರ್ ಬೇಗ ಏಳುತ್ತಿತ್ತು, ಇನ್ನೊಂದು ಹೊರಳಾಡುತ್ತಿತ್ತು. ಕಡಿಮೆ ಕಾದರೆ ಕೆಂಪು ದೀಪ, ಹೆಚ್ಚು ಕಾದರೆ ಅಧಿಕಾರಿಗಳ ಸಿಟ್ಟು. ಇಷ್ಟು ಸಾವಿರ ಯಂತ್ರಗಳೂ ಒಪ್ಪಿಕೊಂಡ ಕಾಯುವಿಕೆ ಭೂಮಿಯ ಮೇಲೆ ಒಂದೇ ಇತ್ತು, ಅದು ನಿಧಾನಪ್ಪನವರ ಒಡಲಲ್ಲಿತ್ತು. ಅದನ್ನು ಅಳೆಯುವುದೆಂದು ತೀರ್ಮಾನವಾಯಿತು.

ಅವರನ್ನು ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ಎಲ್ಲರೂ ಮೊಬೈಲಿನಲ್ಲಿ ಗಡಿಯಾರ ಹಿಡಿದು ಸುತ್ತ ನಿಂತರು. ಕೈಗುಣ ಹೋದ ದುಃಖ, ಕೆಲಸ ಹೋಗುವ ಭಯ, ಎಲ್ಲರ ಕಣ್ಣೂ ತಮ್ಮ ಮೇಲೆ. ನಿಧಾನಪ್ಪನವರು ಸ್ವಿಚ್ ಹಾಕಿದ ಮರುಗಳಿಗೆಯೇ ಗುಂಡಿ ಒತ್ತಿದರು. ಕೆಂಪು ದೀಪ. ಅವಸರ ಬೇಡ ಎಂದರು ಸುತ್ತ ನಿಂತವರು. ಅವರು ಸ್ವಿಚ್ ಹಾಕಿ, ಊಟದ ಗಂಟೆ ಹೊಡೆಯುವವರೆಗೆ ಕದಲದೆ ಕೂತರು. ಸಹಜವಾಗಿರಿ ಎಂದು ಮೇಷ್ಟ್ರು ಪೀಠಿಕೆ ಸಮೇತ ವಿವರಿಸಿದರು. ಸಹಜ ಅಂದರೆ ಯಾವ ಕೈಯಿಂದ ಎಂದು ನಿಧಾನಪ್ಪನವರು ಕೇಳಿದರು. ಮರೆಯಲ್ಲಿ ನಿಂತು ನೋಡಿದರೂ ಆಗಲಿಲ್ಲ. ಬಾಗಿಲ ಸಂದಿಯಲ್ಲಿ ಯಜಮಾನರ ಹೊಟ್ಟೆ ಕಾಣಿಸಿತು. ಶನಿವಾರ ಬಂತು. ಕೊನೆಗೆ ಮೇಡಂ, ಅವರ ನಿಧಾನವನ್ನು ಹತ್ತಿರದಿಂದ ಬಲ್ಲವರನ್ನು ಕರೆಸೋಣ ಎಂದರು.

ಹೀಗಾಗಿ ನಿಧಾನಪ್ಪನವರ ಹೆಂಡತಿ ಕಂಪನಿಗೆ ಬಂದರು. ಅವರಿಗೆ ಮೆತ್ತನೆಯ ಕುರ್ಚಿ ಕೊಟ್ಟು ಚಹಾ ತರಿಸಿದರು. ಪಕ್ಕದ ಕೋಣೆಯಲ್ಲಿ ನಿಧಾನಪ್ಪನವರು, ಇವರು ಬಂದದ್ದು ತಿಳಿಯದೆ, ಪ್ರಿಂಟರುಗಳ ಧೂಳು ಒರೆಸುತ್ತಿದ್ದರು. ಮೇಷ್ಟ್ರು ಡ್ರೈವರೆಂದರೇನು ಎಂಬಲ್ಲಿಂದ ಶುರು ಮಾಡಿ ವಿಷಯಕ್ಕೆ ಬಂದರು. ಗಂಡನ ನಿಧಾನದ ಬಗ್ಗೆ ಮಾತಾಡಿ ಎಂದು ಹೀಗೆ ಕುರ್ಚಿ ಹಾಕಿ ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಹೇಳುವುದು ಅವರ ಹತ್ತಿರ ಬೇಕಾದಷ್ಟಿತ್ತು. ಅವರು ಸೆರಗು ಸರಿಮಾಡಿಕೊಂಡು ಶುರು ಮಾಡುವುದರಲ್ಲಿದ್ದರು.

ಆಗ ಯಜಮಾನರು ಬಾಯಿ ಹಾಕಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ. ಹೇಗೂ ಈ ತಿಂಗಳ ಕೊನೆಗೆ ಅವರು ಹೋಗುತ್ತಾರೆ, ಅಷ್ಟರೊಳಗೆ ಲೆಕ್ಕ ಸಿಕ್ಕರೆ ಒಳ್ಳೆಯದು ಎಂದುಬಿಟ್ಟರು.

“ಎಲ್ಲಿಗೆ ಹೋಗ್ತಾರೆ?” ಎಂದರು ಹೆಂಡತಿ.

ಮೇಡಂ ಚಹಾದ ಲೋಟ ನೋಡಿದರು. ಮೇಷ್ಟ್ರಿಗೆ ಮೊದಲ ಸಲ ಪೀಠಿಕೆ ಸಿಗಲಿಲ್ಲ. ಕೊನೆಗೆ ಯಜಮಾನರೇ ಹೊಸ ಯಂತ್ರದ ವಿಷಯ ಹೇಳಬೇಕಾಯಿತು. ಹೆಂಡತಿ ಪೂರ್ತಿ ಕೇಳಿಸಿಕೊಂಡರು. ಇಷ್ಟು ದಿನ ಮನೆಯಲ್ಲಿ ಆ ಉಣ್ಣೆಯ ಕೈಗವಸು ಯಾಕೆ ಓಡಾಡುತ್ತಿತ್ತೆಂದು ಅವರಿಗೆ ಈಗ ಅರ್ಥವಾಯಿತು. ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

“ಅವರ ನಿಧಾನ ಬೇಕು, ಅವರು ಬೇಡವಾ?”

ಯಜಮಾನರು ಹಾಗಲ್ಲಮ್ಮಾ ಎಂದರು.

“ನಾನು ಇಪ್ಪತ್ತೆಂಟು ವರ್ಷ ಬೈದಿದೀನಿ ಅವರನ್ನ. ಅದು ನನ್ನ ಹಕ್ಕು. ನಿಮಗೆ ಆ ಹಕ್ಕಿಲ್ಲ. ಅವರೇನು ನಿಧಾನ ಇಲ್ಲ, ನಿಮಗೆಲ್ಲ ಅವಸರ. ಎಷ್ಟು ಹೊತ್ತು ಅಂತ ನನಗೆ ಗೊತ್ತು. ಯಾವ ಕೆಲಸಕ್ಕಾದ್ರೂ ಅವರಿಗೆ ಹಿಡಿಯೋ ಹೊತ್ತು ಒಂದೇ. ಕೊಡೋದಾದ್ರೆ ಮನುಷ್ಯನ ಸಮೇತ ಕೊಡ್ತೀನಿ. ಬಿಡಿಯಾಗಿ ಸಿಗಲ್ಲ.”

ಸೋಮವಾರ ನಾಳಿದ್ದು. ಯಜಮಾನರು ಮೇಡಂ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. ಹೊಸ ಯಂತ್ರ ಪೆಟ್ಟಿಗೆಯಿಂದ ಹೊರಬಂದರೂ ಅದು ಸರಿಯಾಗಿ ಪರೀಕ್ಷೆ ಮಾಡುತ್ತಿದೆಯೇ ಎಂದು ನೋಡಲು ಒಬ್ಬರು ಬೇಕು ಎಂದರು ಮೇಡಂ. ಬೇಕೇ ಬೇಕು ಎಂದರು ಮೇಷ್ಟ್ರು. ಆ ಇಬ್ಬರೂ ಒಂದೇ ಮಾತು ಆಡಿದ್ದನ್ನು ಆ ಕಟ್ಟಡದ ಗೋಡೆಗಳೂ ಕೇಳಿರಲಿಲ್ಲ. ಯಜಮಾನರು ಹೆದರಿ ಒಪ್ಪಿಕೊಂಡರು. ಹೆಂಡತಿ ಅದನ್ನು ಇನ್ನೊಮ್ಮೆ ಎಲ್ಲರ ಮುಂದೆ ಹೇಳಿಸಿದರು. ಆಮೇಲೆ ಗಡಿಯಾರ ತೆಗೆದುಕೊಳ್ಳಿ ಎಂದು ಮೇಡಂಗೆ ಹೇಳಿ, ಎದ್ದು ಪಕ್ಕದ ಕೋಣೆಯ ಬಾಗಿಲ ಬಳಿಗೆ ಹೋದರು. ಒಳಗೆ ಇಣುಕಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವ ಧ್ವನಿಯಲ್ಲೇ ಕರೆದರು.

“ರೀ, ಬನ್ನಿ ಇಲ್ಲಿ.”

“ಬಂದೆ,” ಎಂದಿತು ಒಳಗಿನ ಧ್ವನಿ.

ಮೇಡಂ ಗಡಿಯಾರದ ಗುಂಡಿ ಒತ್ತಿದರು. ಹೆಂಡತಿಯ ದನಿ ಇಲ್ಲಿ ಯಾಕೆ ಕೇಳಿಸಿತೆಂದು ಯೋಚಿಸುವಷ್ಟು ಅವಸರದ ಮನುಷ್ಯ ನಿಧಾನಪ್ಪನವರಲ್ಲ. ಒಳಗೆ ಧೂಳಿನ ಬಟ್ಟೆಯನ್ನು ಮಡಚುವ ಸದ್ದು ಕೇಳಿಸಿತು. ಕುರ್ಚಿ ಹಿಂದೆ ಸರಿಯಿತು. ಕುರ್ಚಿಯನ್ನು ಮತ್ತೆ ಮೇಜಿನ ಕೆಳಗೆ ನೂಕಿದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿ ತಿರುಗದೆಯೇ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಈಗ ಕನ್ನಡಕ ಒರೆಸುತ್ತಿದ್ದಾರೆ ಎಂದು ಪಿಸುಮಾತಿನಲ್ಲಿ ತಿಳಿಸಿದರು. ಕಂಪನಿಗೆ ಕಂಪನಿಯೇ ಉಸಿರು ಬಿಗಿಹಿಡಿದು ಕಾಯಿತು.

ಕಾಲಿನ ಸದ್ದು ಹತ್ತಿರವಾಗಿ ನಿಧಾನಪ್ಪನವರು ಬಾಗಿಲಲ್ಲಿ ಕಾಣಿಸಿಕೊಂಡರು. ಹೆಂಡತಿಯನ್ನು ನೋಡಿದರು, ಯಜಮಾನರನ್ನು ನೋಡಿದರು, ಎಲ್ಲ ತಿಳಿದುಹೋಗಿದೆ ಎಂದು ಗೊತ್ತಾಗಿ ಅವರ ಮುಖ ಸಣ್ಣಗಾಯಿತು.

“ನಾನೇ ಹೇಳೋಣ ಅಂತಿದ್ದೆ ಕಣೇ,” ಎಂದರು.

“ಗೊತ್ತು,” ಎಂದರು ಹೆಂಡತಿ. ಅವರ ಅಂಗಿಯ ಕಾಲರಿಗೆ ಅಂಟಿದ್ದ ಧೂಳನ್ನು ಕೊಡವಿದರು. ಆಮೇಲೆ ಗಡಿಯಾರ ನಿಲ್ಲಿಸಿ ಅಂಕಿ ಬರೆದುಕೊಳ್ಳುತ್ತಿದ್ದ ಮೇಡಂ ಕಡೆಗೆ ತಿರುಗಿದರು.

“ಇವತ್ತು ಸ್ವಲ್ಪ ಬೇಗ ಬಂದ್ರು. ಅದಕ್ಕೆ ಇನ್ನೊಂಚೂರು ಸೇರಿಸ್ಕೊಳ್ಳಿ.”